ನೀರು ಕುಡಿದ ಮೆಹಂದಿ

ಬಸವಕಲ್ಯಾಣದಲ್ಲಿ ವೈಜನಾಥನ ನರ್ಸರಿಗೆ ತುಳಸಿ ಗಿಡ ತರಲು ಹೋದವರು ಬರೀ ತುಳಸಿ ಹಿಡಿದುಕೊಂಡು ಬಂದ ಉದಾಹರಣೆ ಇಲ್ಲ. ಮೊದಲು ಅವನು ತುಳಸಿಯ ಬಂಧುಬಳಗವನ್ನೆಲ್ಲ ಪರಿಚಯ ಮಾಡಿಸಬೇಕು. ಇದು ಪುದೀನ, ಇದು ಕಾಮಕಸ್ತೂರಿ, ಇದು ದೊಡ್ಡಪತ್ರೆ; ಎಲೆ ಹಿಚುಕಿದರೆ ಎಲ್ಲರ ಮೈಯಲ್ಲೂ ಒಂದೊಂದು ಘಮ. ಗಿರಾಕಿ ಪಾಪ ಹೊರಗೆ ಸ್ಕೂಟರ್ ಚಾಲೂ ಇಟ್ಟು ಒಳಗೆ ಬಂದಿರುತ್ತಾನೆ. ಅಲ್ಲಿ ಪೆಟ್ರೋಲು ಸುಡುತ್ತಿರುತ್ತದೆ, ಇಲ್ಲಿ ವೈಜನಾಥ ದೊಡ್ಡಪತ್ರೆ ಹಿಚುಕಿ ಅವನ ಮೂಗಿಗೆ ಹಿಡಿಯುತ್ತಿರುತ್ತಾನೆ.

ಊರಿನ ಉಳಿದ ನರ್ಸರಿಗಳಲ್ಲಿ ಹಣ್ಣಿನವು ಒಂದು ಕಡೆ, ಹೂವಿನವು ಒಂದು ಕಡೆ, ಬೇಲಿಗೆ ಹಾಕುವವು ಹಿಂದುಗಡೆ. ಯಾರಿಗೂ ತಲೆನೋವಿಲ್ಲ. ವೈಜನಾಥನಲ್ಲಿ ಮಾತ್ರ ನೆಂಟಸ್ತಿಕೆ ನೋಡಿ ಜಾಗ. ನಿಂಬೆ ಬೇಕೆಂದರೆ ಕರಿಬೇವಿನ ಹಿಂದೆ, ಬಿಲ್ವಪತ್ರೆಯ ಪಕ್ಕದಲ್ಲಿ ಹುಡುಕಬೇಕು, ಏಕೆಂದರೆ ಮೂರೂ ಒಂದೇ ಮನೆತನ. ದಾಸವಾಳದ ಸಾಲಿನಲ್ಲಿ ಒಂದು ಹತ್ತಿ ಗಿಡ ನಿಂತಿದೆ. ಅದು ಮಾರಾಟಕ್ಕಲ್ಲ. ದಾಸವಾಳಕ್ಕೆ ತನ್ನವರು ಯಾರೂ ಇಲ್ಲ ಅನ್ನಿಸಬಾರದಲ್ಲ, ಅದಕ್ಕೆ.

"ಮಂದಿ ಗಿಡಾ ಕೊಳ್ಳಾಕ ಬರ್ತಾರೋ, ಲಗ್ನಕ್ಕ ಸಂಬಂಧ ನೋಡಾಕ ಬರ್ತಾರೋ?" ಎಂದು ಹೆಂಡತಿ ತುಳಜಾಬಾಯಿ ದಿನಕ್ಕೊಮ್ಮೆಯಾದರೂ ಕೇಳುತ್ತಾಳೆ. ವ್ಯಾಪಾರ ನಡೆಯುತ್ತಿರುವುದೇ ಅವಳಿಂದ. ಗಂಡ ವಂಶಾವಳಿ ಬಿಚ್ಚಿದಾಗ ಅವಳು ಗಿರಾಕಿಯನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಗಿಡ ಕೊಟ್ಟು ಕಳಿಸುತ್ತಾಳೆ.

ಈ ಚಟ ಹತ್ತಿದ್ದು ಹುಮನಾಬಾದಿನ ಕಾಲೇಜಿನಲ್ಲಿ. ವೈಜನಾಥ ಅಲ್ಲಿ ಬಿ.ಎಸ್ಸಿ.ಗೆ ಸೇರಿದ್ದ. ಸಸ್ಯಶಾಸ್ತ್ರದಲ್ಲಿ ಎಲ್ಲರಿಗಿಂತ ಮುಂದೆ, ರಸಾಯನಶಾಸ್ತ್ರದಲ್ಲಿ ಎಲ್ಲರಿಗಿಂತ ಹಿಂದೆ. ಹಿಂದಿದ್ದದ್ದೇ ಗೆದ್ದಿತು. ಡಿಗ್ರಿ ಬಿಟ್ಟು ಊರಿಗೆ ಬಂದು, ಮಂಠಾಳದ ರಸ್ತೆಗೆ ಒಂದು ತುಂಡು ಜಾಗ ಹಿಡಿದು, ಪ್ಲಾಸ್ಟಿಕ್ ಚೀಲಗಳಲ್ಲಿ ಗಿಡ ಬೆಳೆಸತೊಡಗಿದ. ಪರೀಕ್ಷೆ ಹೋದರೂ ಪಾಠ ಹೋಗಲಿಲ್ಲ ಎನ್ನುವುದು ಅವನ ಸಮಾಧಾನ. ಈಗ ಐವತ್ತು ದಾಟಿದ್ದಾನೆ, ತಲೆ ನೆರೆತಿದೆ, ಪಾಠ ಇನ್ನೂ ಮುಗಿದಿಲ್ಲ.

ಅವನಿಗೆ ಎಲ್ಲಕ್ಕಿಂತ ಪ್ರೀತಿಯ ಮನೆತನ ಗೇಟಿನ ಬಲಕ್ಕಿದೆ. ಮೆಹಂದಿ, ದಾಳಿಂಬೆ, ಹೊಳೆದಾಸವಾಳ. ಪುಸ್ತಕದಲ್ಲಿ ಇವರ ಹೆಸರು ಲೈತ್ರೇಸಿ ಕುಟುಂಬ. ವೈಜನಾಥ ಕರೆಯುವುದು 'ಇಸ್ತ್ರಿ ಇಲ್ಲದ ಮಂದಿ' ಎಂದು. ಬೇರೆ ಹೂವುಗಳೆಲ್ಲ ಒಪ್ಪವಾಗಿ ಮಡಚಿದ ಎಸಳು ಬಿಚ್ಚಿಕೊಂಡು ಹೊರಬಂದರೆ, ಈ ಮನೆತನದವರ ಎಸಳು ಮೊಗ್ಗಿನೊಳಗೇ ಮುದ್ದೆಯಾಗಿರುತ್ತದೆ. ಅರಳಿದಾಗ ಆ ಸುಕ್ಕು ಹಾಗೇ ಇರುತ್ತದೆ.

"ನೋಡ್ರಿ, ಟ್ರಂಕಿನ್ಯಾಗ ತುರುಕಿದ್ದ ಸೀರಿ ಹಂಗs ಉಟ್ಕೊಂಡು ಲಗ್ನಕ್ಕ ಹೊಂಟಾರ," ಎಂದು ದಾಳಿಂಬೆಯ ಕೆಂಪು ಹೂವನ್ನು ಗಿರಾಕಿಯ ಮುಂದೆ ಹಿಡಿಯುತ್ತಾನೆ. "ಮೆಹಂದಿ ಹೂವು ಸಣ್ಣದು, ಕನ್ನಡಕ ಹಾಕ್ಕೊಂಡು ನೋಡ್ರಿ, ಅದೂ ಸುಕ್ಕs. ಹೊಳೆದಾಸವಾಳ ಅಂತೂ ಕೇಳಬ್ಯಾಡ್ರಿ, ಇಡೀ ಗಿಡಾನ ಮುದುಡಿದ ಕ್ರೇಪ್ ಕಾಗದ."

ಇನ್ನೊಂದು ಗುರುತೂ ಉಂಟು. ಇವರಲ್ಲಿ ಎಸಳು ಉದುರಿದರೂ ಎಸಳು ಕೂತಿದ್ದ ಬಟ್ಟಲು ಉದುರುವುದಿಲ್ಲ. ಕಾಯಿಯ ಜೊತೆಗೇ ಉಳಿದುಬಿಡುತ್ತದೆ. ದಾಳಿಂಬೆಯ ತಲೆಯ ಮೇಲಿನ ಕಿರೀಟ ಅಂದರೆ ಅದೇ ಬಟ್ಟಲಿನ ಅಂಚು. ಮೆಣಸಿನಕಾಳಿನಷ್ಟು ಮೆಹಂದಿ ಕಾಯಿಯ ಬುಡದಲ್ಲೂ ಆ ಬಟ್ಟಲಿನ ನಾಲ್ಕು ಚಿಕ್ಕ ದಳ ಒಣಗಿ ಅಂಟಿಕೊಂಡಿರುತ್ತವೆ. ಎಲೆಗಳು ಸಾಮಾನ್ಯವಾಗಿ ಎದುರುಬದುರು ಜೋಡಿ, ಅಂಚಿಗೆ ಗರಗಸವಿಲ್ಲ. ಮೆಹಂದಿಗೂ ದಾಳಿಂಬೆಗೂ ವಯಸ್ಸಾದಂತೆ ಕೊಂಬೆಯ ತುದಿ ಮುಳ್ಳಾಗುತ್ತದೆ. "ನಮ್ಮ ಮನಿಯಾಗೂ ಹಂಗs," ಎಂದು ತುಳಜಾಬಾಯಿಗೆ ಕೇಳಿಸದಂತೆ ಸೇರಿಸುತ್ತಾನೆ. ಅವಳಿಗೆ ಕೇಳಿಸುತ್ತದೆ.

ಹಿಂದೆ ದಾಳಿಂಬೆ ಈ ಸಾಲಿನಲ್ಲಿ ಇರಲಿಲ್ಲ. ವೈಜನಾಥ ಓದುವಾಗ ಪುಸ್ತಕಗಳು ದಾಳಿಂಬೆಗೆ ಬೇರೆ ಮನೆ ಮಾಡಿ ಕೊಟ್ಟಿದ್ದವು, ಅವನೂ ಅದನ್ನು ನಂಬಿ ದೂರದ ಮೂಲೆಯಲ್ಲಿಟ್ಟಿದ್ದ. ಒಂದು ದಿನ ಅವನ ಹಳೆಯ ಮೇಷ್ಟ್ರು ಗುಲಾಬಿ ಕೊಳ್ಳಲು ಬಂದವರು, ದಾಳಿಂಬೆಯನ್ನು ಈಗ ಮೆಹಂದಿಯ ಮನೆಗೇ ಸೇರಿಸಿದ್ದಾರಪ್ಪ, ಎಂದು ಹೇಳಿ ಹೋದರು. ವೈಜನಾಥ ಊಟ ಬಿಟ್ಟು ದಾಳಿಂಬೆಯ ಚೀಲಗಳನ್ನೆಲ್ಲ ಹೊತ್ತು ಗೇಟಿನ ಬಲಕ್ಕೆ ತಂದಿಟ್ಟ. ಬೇರೆಯಾಗಿದ್ದ ಅಣ್ಣತಮ್ಮಂದಿರು ಒಂದೇ ಒಲೆಗೆ ಬಂದರೆಂದು ಆ ಸಂಜೆ ಪೇಢೆ ಹಂಚಿದ. ತಿಂದವರಿಗೆ ಯಾಕೆಂದು ಗೊತ್ತಾಗಲಿಲ್ಲ.

ಇಷ್ಟೆಲ್ಲ ತಿಳಿದವನಿಗೆ ಒಂದು ದೊಡ್ಡ ದೌರ್ಬಲ್ಯ. ನೀರು. ಗಿಡ ಸ್ವಲ್ಪ ಬಾಡಿದಂತೆ ಕಂಡರೆ ಅವನ ಕೈ ಪೈಪಿಗೆ ಹೋಗುತ್ತದೆ. ಬಾಡದಿದ್ದರೂ ಹೋಗುತ್ತದೆ. ಕಳ್ಳಿಗೆ ನೀರು ಹಾಕಿ ಕೊಳೆಸಿದ್ದಾನೆ, ಲೋಳೆಸರಕ್ಕೆ ಹಾಕಿ ಕೊಳೆಸಿದ್ದಾನೆ. ಮನೆಗೆ ಬಂದವರಿಗೂ ಚಹಾದ ಮೇಲೆ ಚಹಾ. ಅವನ ಪ್ರೀತಿಗೆ ಇರುವುದು ಅದೊಂದೇ ದಾರಿ.

ನರ್ಸರಿಯ ಗೋಡೆಗೆ ಹತ್ತಿಕೊಂಡೇ ಸರ್ದಾರಬಿಯ ಮನೆ. ಮುದುಕಿಗೆ ಎಪ್ಪತ್ತು ದಾಟಿದೆ, ಬೆನ್ನು ಬಾಗಿದೆ, ನಾಲಿಗೆ ಮಾತ್ರ ನೆಟ್ಟಗೇ ಇದೆ. ಅವಳ ಜೊತೆಗಿರುವುದು ಮೊಮ್ಮಗಳು ಮೆಹರೀನ್, ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುವ ಹುಡುಗಿ. ಮೆಹರೀನಳ ತಾಯಿ ವಜೀರಬಿ, ಮಗಳು ಐದು ವರ್ಷದವಳಿದ್ದಾಗ, ತೀರಿಕೊಂಡಳು. ಅಪ್ಪ ಬೇರೆ ಮದುವೆಯಾಗಿ ಹೈದರಾಬಾದಿಗೆ ಹೋದ. ಹಬ್ಬಕ್ಕೆ ಫೋನು ಮಾಡುತ್ತಾನೆ.

ಅವರ ಅಂಗಳದಲ್ಲಿ, ನರ್ಸರಿಯ ಗೋಡೆಗೆ ಒರಗಿಕೊಂಡು ಒಂದು ಮೆಹಂದಿ ಗಿಡವಿತ್ತು. ವಜೀರಬಿ ಸೊಸೆಯಾಗಿ ಬಂದ ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಟೊಂಗೆ, ಅವಳೇ ಊರಿದ್ದು. ಸರ್ದಾರಬಿಯ ಮನೆಯಲ್ಲಿ ಒಂದು ರಿವಾಜು ಇದೆ: ಮದುಮಗಳ ಕೈಗೆ ಮೊದಲು ಹತ್ತುವ ಮೆಹಂದಿ ತಾಯಿಯ ತವರಿನಿಂದ ಬರಬೇಕು, ಮಾಮು ಅಂದರೆ ಸೋದರಮಾವ ತರಬೇಕು. ಮೆಹರೀನ್‌ಗೆ ಮಾಮು ಇಲ್ಲ. ತವರಿನವರು ಇದ್ದ ಮನೆ ಮಾರಿ ಎಂದೋ ಊರು ಬಿಟ್ಟಿದ್ದರು, ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ತಾಯಿಯ ಕಡೆಯದೆಂದು ಆ ಹುಡುಗಿಗೆ ಉಳಿದಿದ್ದು ಈ ಗಿಡವೊಂದೇ.

ಹುಮನಾಬಾದಿನ ಹುಡುಗನ ಜೊತೆ ಮದುವೆ ಗೊತ್ತಾದಾಗ ಸರ್ದಾರಬಿ ಗೋಡೆಯ ಮೇಲಿಂದ ಕೂಗಿದಳು.

"ವೈಜನಾಥ ಭಾಯ್, ಮೇ ತಿಂಗಳಾಗ ಶಾದಿ. ಹುಡುಗಿ ಕೈಗಿ ಇದs ಗಿಡದ್ದು ಹಚ್ಚಬೇಕಂತ ಅದ. ಗಿಡಾ ಸೊರಗ್ಯದ. ಜರಾ ನೋಡಿ ಕೊಡ್ರಿ."

"ನೀವು ಬೇಫಿಕರ್ ಇರ್ರಿ. ನನ್ನ ಮ್ಯಾಲ ಬಿಡ್ರಿ," ಎಂದ ವೈಜನಾಥ.

ಬಿಟ್ಟರು. ಅಲ್ಲೇ ತಪ್ಪಾಯಿತು.

ಅವನು ಆ ಗಿಡವನ್ನು ನೋಡಿಕೊಂಡ ರೀತಿಯನ್ನು ನೋಡಿದ್ದರೆ ಬಾಣಂತಿಯರಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಗೋಡೆಗೆ ತೂತು ಕೊರೆದು ನರ್ಸರಿಯ ಡ್ರಿಪ್ ಪೈಪನ್ನು ಆ ಕಡೆಗೆ ಎಳೆದ. ಆಡಿನ ಹಿಕ್ಕೆ, ಎರೆಗೊಬ್ಬರ, ಬೇವಿನ ಹಿಂಡಿ. ಒಣಕೊಂಬೆ ಕತ್ತರಿಸಿದ, ಬುಡ ಸಡಿಲಿಸಿದ, ಬಿಸಿಲು ಏರಿದಾಗ ಮೇಲೆ ಹಸಿರು ನೆರಳುಬಟ್ಟೆ ಕಟ್ಟಿದ. ಊರಿಗೆ ಊರೇ ಬಿಸಿಲಿಗೆ ಬಾಯಿ ಬಿಡುತ್ತಿದ್ದಾಗ ಆ ಗಿಡ ಮಾತ್ರ ಮಳೆಗಾಲದಲ್ಲಿತ್ತು. ಎಲೆ ಅಗಲವಾಯಿತು, ಕಡು ಹಸಿರಾಯಿತು, ಗೋಡೆ ಮೀರಿ ರಸ್ತೆಗೆ ಇಣುಕಿತು. ಹೋಗಿಬರುವವರು ನಿಂತು ನೋಡುತ್ತಿದ್ದರು. ವೈಜನಾಥ ಕೇಳದವರಿಗೂ ಹೇಳುತ್ತಿದ್ದ, "ಹುಡುಗಿ ಮದಿವಿದ್ರಿ, ಆಕಿ ಅವ್ವನ ಗಿಡ," ಎಂದು.

ಮದುವೆಗೆ ಇನ್ನೂ ಸ್ವಲ್ಪ ದಿನವಿದ್ದಾಗ ಸರ್ದಾರಬಿ ಒಂದು ಹಿಡಿ ಎಲೆ ಅರೆದು ತನ್ನ ಅಂಗೈಗೆ ಹಚ್ಚಿ ನೋಡಿದಳು. ತೊಳೆದಾಗ ಬಂದ ಬಣ್ಣ ಹಾಲು ಜಾಸ್ತಿಯಾದ ಚಹಾದಂತಿತ್ತು. ಮೆಹಂದಿ ಮೊದಲು ತಿಳಿಯಾಗಿ ಕಂಡು ಮರುದಿನ ಕೆಂಪೇರುವುದು ಎಲ್ಲರಿಗೂ ಗೊತ್ತು. ಕಾದಳು. ಮರುದಿನವೂ ಅದೇ ಚಹಾ. ಇನ್ನೊಂದು ದಿನ ಕಳೆದಾಗ ಅದೂ ಅಳಿಸಿತು. ಮತ್ತೊಮ್ಮೆ ಅರೆದು, ಈ ಸಲ ತುಳಜಾಬಾಯಿಯೂ ಹಚ್ಚಿಕೊಂಡಳು, ನಿಂಬೆರಸ ಹಿಂಡಿ, ಕಾಚು ಬೆರೆಸಿ, ಹಂಚಿನ ಮೇಲೆ ಲವಂಗ ಸುಟ್ಟು ಹೊಗೆ ಕೊಟ್ಟು. ಆದರೂ ಅಷ್ಟೇ.

ವೈಜನಾಥ ಗಿಡದ ಮುಂದೆ ಕೂತು ಎಲೆ ತಿರುವಿ ತಿರುವಿ ನೋಡಿದ. ರೋಗವಿಲ್ಲ, ಹುಳವಿಲ್ಲ. ಜೋಡಿ ಎಲೆ, ನೆಟ್ಟಗಿನ ಅಂಚು, ಗುರುತೆಲ್ಲ ಸರಿಯಿದೆ. ಹೀಗೆ ಬೆಳೆದ ಮೆಹಂದಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ತುಳಜಾಬಾಯಿ ಕೈ ಒರೆಸಿಕೊಳ್ಳುತ್ತ ಬಂದು ಅವನ ಹಿಂದೆ ನಿಂತಳು. "ಮಂಠಾಳದ ಗುರುಲಿಂಗ ದಾಳಿಂಬಿ ಹೂವು ಬಿಡವಲ್ದು ಅಂತ ಬಂದಿದ್ದ. ಅವಗ ಏನು ಹೇಳಿದ್ರಿ?"

"ತಾಣ ಕೊಡು ಅಂದೆ. ತಿಂಗಳ ಮಟ ನೀರು ಬಂದ್ ಮಾಡು, ಗಿಡಾ ಒಣಗಲಿ, ಆಮ್ಯಾಲ ನೋಡು ಹೂವು ಅಂದೆ."

"ಅಲ್ರಿ, ಎರಡೂ ಒಂದs ಮನಿತನ ಅಂತ ಊರ ಮಂದಿ ಕಿವಿ ತೂತು ಬೀಳೂ ಮಟ ಹೇಳ್ತೀರಿ. ಅಕ್ಕಗ ಉಪಾಸ ಹಾಕಿ, ತಂಗಿಗಿ ದಿನಾ ಹಬ್ಬದೂಟ ಹಾಕೀರಿ?"

ವೈಜನಾಥ ಹಿಡಿದಿದ್ದ ಎಲೆಯನ್ನು ಬಿಟ್ಟ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಮೆಹಂದಿ ಬಿಸಿಲಿಗೆ ಬಾಯಾರಿ ನಿಂತಾಗಲೇ ಎಲೆಯಲ್ಲಿ ಬಣ್ಣ ಗಟ್ಟಿಯಾಗುವುದು. ನೀರು, ಗೊಬ್ಬರ, ನೆರಳು ಸಿಕ್ಕ ಗಿಡ ಎಲೆ ಬೆಳೆಸುವುದರಲ್ಲೇ ಮೈಮರೆಯುತ್ತದೆ, ಬಣ್ಣ ತೆಳುವಾಗುತ್ತದೆ. ಅದೇ ಮನೆತನದ ಶಿಂಗಾಡ ಜೀವಮಾನವಿಡೀ ಕೆರೆಯ ನೀರಿನಲ್ಲೇ ತೇಲಿಕೊಂಡಿರುತ್ತದೆ ನಿಜ, ಆದರೆ ಮೆಹಂದಿ ಶಿಂಗಾಡ ಅಲ್ಲ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪೈಪು ಹಿಡಿದ ಕೈಗೆ ಗೊತ್ತಾಗಲಿಲ್ಲ, ಅಷ್ಟೇ. ಈಗ ನೀರು ನಿಲ್ಲಿಸಿ ಕಾಯೋಣವೆಂದರೆ ಉಳಿದಿದ್ದು ಒಂದು ವಾರ.

ಅವನು ಗೋಡೆ ಸುತ್ತಿ ಆ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸರ್ದಾರಬಿ ತಲೆಗೆ ಕೈ ಹಚ್ಚಿ ಕೂತಳು. ಮೆಹರೀನ್ ಹೊಲಿಗೆ ಮಷೀನು ನಿಲ್ಲಿಸಿ ನಕ್ಕಳು.

"ಇರ್ಲಿ ಬಿಡ್ರಿ ಕಾಕಾ. ಬಜಾರದಾಗ ಕೋನ್ ಸಿಗ್ತಾವಲ್ಲ, ತರಸ್ತೀನಿ. ಈಗ ಎಲ್ಲಾರೂ ಅದನ್ನs ಹಚ್ಕೋತಾರ."

ನಕ್ಕ ಹುಡುಗಿ ಎದ್ದು ಅಂಗಳಕ್ಕೆ ಹೋಗಿ ಗಿಡದ ಹತ್ತಿರ ಬೆನ್ನು ತಿರುಗಿಸಿ ನಿಂತಳು. ಬಹಳ ಹೊತ್ತು ಒಳಗೆ ಬರಲಿಲ್ಲ.

"ಆಕಿಗಿ ಅಮ್ಮಾಂದು ಒಂದs ಒಂದು ನೆಪ್ಪದ," ಎಂದಳು ಸರ್ದಾರಬಿ ದನಿ ತಗ್ಗಿಸಿ. "ಈದ್ ಹಬ್ಬದ ಮುಂಚಿನ ದಿನಾ ವಜೀರಬಿ ಮೆಹಂದಿ ಅರದು, ಉಂಡಿ ಮಾಡಿ, ಈಕಿ ಅಂಗೈಯಾಗ ಇಟ್ಟು, ಮುಷ್ಟಿ ಮುಚ್ಚಿ ಬಟ್ಟಿ ಕಟ್ಟತಿದ್ಲು. 'ಬಿಚ್ಚಬ್ಯಾಡ' ಅಂತ ಕೈ ಹಿಡ್ಕೊಂಡು ಕೂಡತಿದ್ಲು. ಮಾರಿ ನೆಪ್ಪಿಲ್ಲ ಆಕಿಗಿ. ಆ ಕೈ ನೆಪ್ಪದ."

ವೈಜನಾಥನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರೂ ಬೈಯದಿದ್ದುದೇ ಹೆಚ್ಚು ಕಷ್ಟವಾಯಿತು. ಬೈದಿದ್ದರೆ ಒಂದೆರಡು ಮಾತು ತಾನೂ ಆಡಿ ಹಗುರಾಗಬಹುದಿತ್ತು. ಕೊಟ್ಟ ಚಹಾ ಹಾಗೇ ಆರಿಹೋಯಿತು. ಅಷ್ಟರಲ್ಲಿ ಹಳೆಯ ಪಾಠವೊಂದು ತಲೆಗೆ ಬಂದು ಅವನು ಎದ್ದು ನಿಂತುಬಿಟ್ಟ.

"ವಜೀರಬಿ ಟೊಂಗಿ ತಂದಿದ್ದು ಎಲ್ಲಿಂದ?"

"ತವರಿಂದ. ಹುಡಗಿ ಅಂತ ಊರು, ಹುಮನಾಬಾದ್ ಬಾಜೂಕ ಅದ ಅಲ್ಲ."

"ಬೀಜ ಅಲ್ಲ, ಟೊಂಗಿ. ಖರೇನ?"

"ನಾನs ನಕ್ಕಿದ್ದೆ ಆಕಿಗಿ. ಕಲ್ಯಾಣದಾಗ ಮೆಹಂದಿ ಸಿಗಲ್ಲೇನs ಹುಚ್ಚಿ ಅಂತ."

"ಹಂಗಾದ್ರ ಕೇಳ್ರಿಲ್ಲಿ. ಬೀಜದಿಂದ ಹುಟ್ಟಿದ್ದು ಮಗು ಇದ್ದಂಗ. ಟೊಂಗಿ ಊರಿದ್ದು ಮಗು ಅಲ್ಲ, ಅದs ಗಿಡ. ಒಂದs ಗಿಡ ಎರಡು ಊರಾಗ ನಿಂತಂಗ. ಹುಡಗಿಯಾಗಿನ ಗಿಡ ಇನ್ನೂ ಇದ್ರ, ಅದೂ ವಜೀರಬಿದs."

ಸರ್ದಾರಬಿ ಅವನನ್ನು ನೋಡಿದಳು. ಆಮೇಲೆ ಬುರ್ಖಾ ಎಲ್ಲಿದೆ ಎಂದು ಹುಡುಕತೊಡಗಿದಳು.

"ನೀವು ಯಾಕ? ನಾ ಒಬ್ಬನs ಹೋಗಿ ಬರ್ತೀನಿ."

"ಮನಿ ನಿಮಗೇನು ಗೊತ್ತು? ನಿಶ್ಚಯಕ್ಕ ಹೋದಾಕಿ ನಾನು."

ಹೀಗೆ ಮರುದಿನ ಬೆಳಗ್ಗೆ ವೈಜನಾಥನ ಟಿವಿಎಸ್ ಎಕ್ಸೆಲ್ ಮೇಲೆ, ದಿನವೂ ಗೊಬ್ಬರದ ಚೀಲ ಕೂರುವ ಜಾಗದಲ್ಲಿ, ಎಪ್ಪತ್ತು ದಾಟಿದ ಸರ್ದಾರಬಿ ಕೂತಳು. ತೊಡೆಯ ಮೇಲೆ ಬಿದಿರಿನ ಬುಟ್ಟಿ. ತುಳಜಾಬಾಯಿ ಹಿಂದೆ ದಿಂಬು ಕೊಟ್ಟು, "ಸಾವಕಾಶ ಹೋಗ್ರಿ, ದಾರ್ಯಾಗ ಯಾವ ಗಿಡದ ಹೆಸರೂ ಹೇಳಬ್ಯಾಡ್ರಿ," ಎಂದು ಕಳಿಸಿದಳು. ಸಸ್ತಾಪುರದವರೆಗೆ ವೈಜನಾಥ ಮಾತು ಉಳಿಸಿಕೊಂಡ. ಹೈವೇಗೆ ಬಂದ ಮೇಲೆ ಆಗಲಿಲ್ಲ. ರಸ್ತೆಯ ನಡುವಿನ ಕಣಗಿಲೆ ಸಾಲನ್ನೂ ಅದರ ದಾಯಾದಿ ದೇವಕಣಗಿಲೆಯನ್ನೂ ಪರಿಚಯಿಸಿದ. ಲಾರಿಯ ಸದ್ದಿನಲ್ಲಿ ಮುದುಕಿಗೆ ಒಂದೂ ಕೇಳಿಸಲಿಲ್ಲ, ಎಲ್ಲದಕ್ಕೂ "ಹೌದ್ರಿ" ಎಂದಳು.

ಹುಮನಾಬಾದಿನಲ್ಲಿ ಬೀಗರ ಹಾರ್ಡ್‌ವೇರ್ ಅಂಗಡಿ ರಸ್ತೆಯ ಮೇಲೇ ಇತ್ತು. ದೂರದಿಂದಲೇ ಬೋರ್ಡು ಕಂಡ ಸರ್ದಾರಬಿ ಥಟ್ಟನೆ ನಕಾಬು ಇಳಿಸಿ, ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು. "ಜೋರ್ ಬಿಡ್ರಿ, ಜೋರ್ ಬಿಡ್ರಿ! ಬೀಗತಿ ಗೊಬ್ಬರದ ಗಾಡಿ ಮ್ಯಾಲ ಬಂದಾಳ ಅಂತಾರ!" ಎಕ್ಸೆಲ್‌ಗೆ ಜೋರು ಎಲ್ಲಿಂದ ಬರಬೇಕು? ಅದು ತನ್ನ ಲೆಕ್ಕದಲ್ಲೇ ಗುರ್ ಎನ್ನುತ್ತ ಅಂಗಡಿ ದಾಟಿತು. ಬೀಗರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ.

ಹುಡಗಿಯಲ್ಲಿ ಮನೆ ಸಿಗುವುದು ಕಷ್ಟವಾಗಲಿಲ್ಲ. ಮಣ್ಣಿನ ಮಾಳಿಗೆ ಹೋಗಿ ತಗಡಿನ ಪತ್ರಾಸು ಬಂದಿತ್ತು, ಬಾಗಿಲು ಅದೇ ಇತ್ತು. ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಸೋನುಬಾಯಿ, ಹೊಲದ ಕೂಲಿಯವಳು. ಆ ಮನೆಯನ್ನು ಕೊಂಡವರು ಅವಳು ಮತ್ತು ಅವಳ ಗಂಡ ಮಚ್ಚೇಂದ್ರ.

"ಹಿತ್ತಲಾಗ ಒಂದು ಮೆಹಂದಿ ಗಿಡ ಇತ್ತಲ್ಲವ್ವಾ," ಎಂದ ವೈಜನಾಥ.

"ಮೆಹಂದಿ? ಅದನ್ನ ಕಡದು ಹಾಕೀನಲ್ರಿ. ಶಿವರಾತ್ರಿ ಮುಂದ. ಆಡಿನ ದೊಡ್ಡಿಗಿ ಬೇಲಿ ಬೇಕಾಗಿತ್ತು."

ಸರ್ದಾರಬಿ ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ಬುಟ್ಟಿ ಕೈಯಿಂದ ಜಾರಿ ಮೆಣಸಿನಕಾಯಿಯ ಮೇಲೆ ಬಿತ್ತು. ಸೋನುಬಾಯಿ ಹೆದರಿ ನೀರು ತಂದಳು. ಏನು, ಯಾಕೆ, ಯಾರು ಎಂದು ಕೇಳಿದಳು. ಮುದುಕಿ ನೀರು ಕುಡಿದು, ಉಸಿರು ಸುಧಾರಿಸಿಕೊಂಡು, ವಜೀರಬಿಯ ಮಗಳ ಮದುವೆಗೆ ಎಂದಳು. ಸೋನುಬಾಯಿಯ ಮುಖ ಬದಲಾಯಿತು.

"ವಜೀರಬಿ ಮಗಳಿಗಾ? ಆಗ ನಾ ಪಕ್ಕದ ಮನಿಯಾಕಿ ಇದ್ದೆ. ಹೊಸಾ ಸೊಸಿ. ಬಿದಾಯಿ ದಿನಾ ಎಲ್ಲಾರೂ ಅಳಾಕತ್ತಾರ, ಈಕಿ ಹಿತ್ತಲಾಗ ಹೋಗಿ ಟೊಂಗಿ ಮುರೀತಾಳ. ನಾನs ಬಟ್ಟಿ ತೋಯಿಸಿ ಕೊಟ್ಟೀನಿ. ಅಯ್ಯ, ನನಗ ಗೊತ್ತಿದ್ರ ಕೊಡ್ಲಿ ಹಚ್ಚತಿದ್ದೆನಾ?"

ಇವರು ಮಾತಾಡುತ್ತಿದ್ದಾಗ ವೈಜನಾಥ ತಡೆಯಲಾರದೆ ಹಿತ್ತಲಿಗೆ ಹೋದ. ಸುಟ್ಟ ಕೆಂಪು ನೆಲ, ಜಂಬಿಟ್ಟಿಗೆಯ ಒಡಕು ಕಲ್ಲು. ಕಲ್ಲುಗಳ ನಡುವೆ ತೊಡೆ ಗಾತ್ರದ ಒಂದು ಬೊಡ್ಡೆ. ಅದರ ಬುಡದಿಂದ ಬೆರಳುದ್ದ, ಗೇಣುದ್ದ ಚಿಗುರು ಎದ್ದಿದ್ದವು. ಎಲೆಗಳು ಚಿಕ್ಕವು, ದಪ್ಪಗೆ ಬಿರುಸು, ಹಳದಿಗೆ ತಿರುಗಿದ ಹಸಿರು. ಪಕ್ಕದಲ್ಲಿ ಬೇಲಿಗೆ ಸಿಕ್ಕಿಸಿದ್ದ ಹಳೆಯ ಒಣ ಟೊಂಗೆಯಲ್ಲಿ ಮೆಣಸಿನಕಾಳಿನಂಥ ಕಾಯಿಗಳು ಇನ್ನೂ ಇದ್ದವು, ಬುಡದಲ್ಲಿ ನಾಲ್ಕು ದಳ ಹಾಗೇ. ಇಂಥ ಬಡಕಲು ಚಿಗುರು ತನ್ನ ನರ್ಸರಿಯಲ್ಲಿ ಕಂಡಿದ್ದರೆ ಅವನು ಪೈಪು ತರಲು ಓಡುತ್ತಿದ್ದ. ಇಲ್ಲಿ ಒಂದು ಎಲೆ ಕಿತ್ತು, ಉಗುಳು ಹಚ್ಚಿ ಅಂಗೈಯಲ್ಲಿ ತಿಕ್ಕಿ, ಮುಷ್ಟಿ ಮುಚ್ಚಿಕೊಂಡು ಬಂದು ಕೂತ.

ಸೋನುಬಾಯಿ ಕರಿ ಚಹಾ ಮಾಡಿ ಕೊಟ್ಟಳು. ಎಡಗೈಯಲ್ಲಿ ಕುಡಿದ. ಮುಗಿದ ಮೇಲೆ ಮುಷ್ಟಿ ಬಿಚ್ಚಿ ಮೂವರೂ ಬಗ್ಗಿ ನೋಡಿದರು. ಅಂಗೈ ನಡುವೆ ಕೇಸರಿಯ ಒಂದು ಕಲೆ, ತಿಕ್ಕಿದರೂ ಹೋಗದ್ದು. ಸರ್ದಾರಬಿ "ಯಾ ಅಲ್ಲಾ" ಎಂದಳು. ವೈಜನಾಥನಿಗೆ ಕುಣಿಯಬೇಕೆನಿಸಿತು, ಬೀಗರ ಊರಿನ ಹತ್ತಿರ ಎಂದು ಸುಮ್ಮನಾದ.

"ಇದಕ್ಕ ನೀರು ಗೀರು ಏನಾದ್ರೂ ಹಾಕ್ತಿದ್ದಿರೇನವ್ವಾ?"

"ನಮಗs ಕುಡಿಯಾಕ ಕೊಡ ಹೊತ್ತು ತರ್ತೀನಿ, ಇದಕ್ಕ ಯಾರ ಹಾಕ್ತಾರ?"

ಸೋನುಬಾಯಿ ಸೆರಗು ಕಟ್ಟಿ ತಾನೇ ಕಲ್ಲಿನ ಮೇಲೆ ಕೂತು ಎಲೆ ಬಿಡಿಸಿದಳು. ಒಂದೊಂದೇ ಚಿಗುರನ್ನು ತುದಿಯಲ್ಲಿ ಹಿಡಿದು ಕೆಳಗೆಳೆದರೆ ಜೋಡಿ ಜೋಡಿ ಎಲೆ ಬುಟ್ಟಿಗೆ ಬೀಳುತ್ತಿತ್ತು. ಬೊಡ್ಡೆ ಪೂರ್ತಿ ಬೋಳಾಗುವುದನ್ನು ನೋಡಲಾಗದೆ ವೈಜನಾಥ, "ಗಿಡಕ್ಕ ಒಂದೆರಡು ಎಲಿ ಬಿಡ್ರವ್ವಾ," ಎಂದ.

"ಅದಕ್ಕ ಮತ್ತ ಬರ್ತಾವ. ಹುಡುಗಿ ಮದಿವಿ ಮತ್ತ ಬರ್ತದೇನ್ರಿ?"

ಬುಟ್ಟಿಯ ತಳ ಮುಚ್ಚುವಷ್ಟು ಎಲೆ ಆಯಿತು. ಮೊಣಕೈವರೆಗೆ ಬಳ್ಳಿ, ಮಾವಿನಕಾಯಿ, ನವಿಲು ಬಿಡಿಸಲು ಸಾಲುವಂಥದ್ದಲ್ಲ. ಮದುವೆಗೆ ಬರಬೇಕೆಂದು ಸರ್ದಾರಬಿ ಸೋನುಬಾಯಿಯ ಕೈ ಹಿಡಿದು ಹೇಳಿದಳು. ಬರುತ್ತೇನೆಂದಳು, ಬಂದಳು ಕೂಡ, ಗಂಡನನ್ನೂ ಕರೆದುಕೊಂಡು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ತುಳಜಾಬಾಯಿ ನೆರಳಲ್ಲಿ ಆರಿಸಿಟ್ಟಿದ್ದ ಎಲೆ ಅರೆದಳು. ವೈಜನಾಥನನ್ನು ಕಲ್ಲಿನ ಹತ್ತಿರ ಬಿಡಲಿಲ್ಲ, ನೀರು ಜಾಸ್ತಿ ಹಾಕಿಯಾನೆಂದು. ಅರೆದದ್ದು ಎರಡೇ ಎರಡು ಉಂಡೆ. ಹೆಂಗಸರು ಈಗ ಇದರಲ್ಲಿ ಏನು ಬಿಡಿಸುವುದು ಎಂದು ಚರ್ಚೆ ಮಾಡುತ್ತಿದ್ದಾಗ ಮೆಹರೀನ್ ಎರಡೂ ಅಂಗೈ ಚಾಚಿದಳು. ಚಿತ್ರ ಬೇಡ, ಮುಷ್ಟಿ ಕಟ್ಟಿರಿ ಎಂದಳು. ಉಂಡೆ ಇಟ್ಟು, ಬೆರಳು ಮುಚ್ಚಿ, ಬಟ್ಟೆ ಸುತ್ತಿದರು. ಸರ್ದಾರಬಿ ಕಟ್ಟಿದ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು, "ಬಿಚ್ಚಬ್ಯಾಡ," ಎಂದು ಕೂತಳು. ಹುಡುಗಿ ಅಜ್ಜಿಯ ಭುಜಕ್ಕೆ ತಲೆಯಿಟ್ಟು ಅತ್ತಳು. ಹೆಂಗಸರೂ ಅತ್ತರು, ಆಮೇಲೆ ಢೋಲಕ್ ತಂದು ಹಾಡಿದರು.

ಮದುವೆಯ ದಿನ ಓಣಿಗೆ ಪೆಂಡಾಲು. ವೈಜನಾಥ ಬೆಳಗಿನಿಂದ ಗಂಡಸರ ಕಡೆ ಕುರ್ಚಿ ಹಾಕುವುದು, ಫ್ಯಾನು ತಿರುಗಿಸುವುದು, ಶರಬತ್ತು ಹಂಚುವುದು ಮಾಡುತ್ತಿದ್ದ. ಶರಬತ್ತನ್ನು ಬೇಡವೆಂದವರಿಗೂ ಕುಡಿಸಿದ. ಹೆಂಗಸರ ಕಡೆ ಪರದೆ ಕಟ್ಟಿದ್ದರು. ಕಿವಿ ಮಾತ್ರ ಆ ಕಡೆಗೇ ಇತ್ತು, ಏಕೆಂದರೆ ಬಣ್ಣ ಹೇಗೆ ಬಂದಿದೆಯೆಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಮದುಮಗಳನ್ನು ಗಂಡಸರು ಹೋಗಿ ನೋಡುವ ಹಾಗಿಲ್ಲ. ತುಳಜಾಬಾಯಿ ಒಳಗೆ ಹೋದವಳು ಹೊರಗೇ ಬಂದಿರಲಿಲ್ಲ.

ಹುಮನಾಬಾದಿನ ಹೆಂಗಸರು ಬಂದು ಮದುಮಗಳ ಸುತ್ತ ಕೂತ ಸದ್ದಾಯಿತು. ಬಳೆ, ನಗು, ಗುಜುಗುಜು. ಆಮೇಲೆ ಬೀಗತಿಯ ದೊಡ್ಡ ದನಿ.

"ಎಷ್ಟು ಕೆಂಪು ಏರ್ಯದs ಮಾ! ಕಡು ಕೆಂಪು! ಯಾವ ಕೋನ್ ಇದು?"

"ಕೋನ್ ಅಲ್ಲ," ಎಂದಳು ಸರ್ದಾರಬಿ. "ಹುಡುಗಿ ಅಮ್ಮನ ತವರಿಂದ ಬಂದದ."

ವೈಜನಾಥ ಎರಡೂ ಕೈಯಲ್ಲಿ ಕುರ್ಚಿ ಹಿಡಿದವನು ಅಲ್ಲೇ ನಿಂತ.

"ತವರಿಂದ?" ಎಂದಿತು ಇನ್ನೊಂದು ಹೆಣ್ಣುದನಿ, ಬೇಕೆಂದೇ ಸ್ವಲ್ಪ ಎಳೆದು. "ಆಕಿ ಅಮ್ಮನ ಕಡಿ ಯಾರೂ ಇಲ್ಲಂತ ಕೇಳಿದ್ವಿ. ತಂದವರ್ಯಾರು?"

ಸರ್ದಾರಬಿ ಉತ್ತರ ಕೊಡುವ ಮೊದಲೇ, ಮದುವೆ ಮುಗಿಯುವವರೆಗೆ ತಲೆಯೆತ್ತಬಾರದ, ಬಾಯಿ ಬಿಡಬಾರದ ಮದುಮಗಳು ಬಾಯಿ ಬಿಟ್ಟಳು. ದನಿ ಚಿಕ್ಕದಾದರೂ ಪರದೆ ದಾಟಿ ಸ್ಪಷ್ಟವಾಗಿ ಕೇಳಿತು.

"ನಮ್ಮ ಮಾಮು ತಂದಾರ. ಹೊರಗ ಅದಾರ, ಕುರ್ಚಿ ಹಾಕಾಕತ್ತಾರ."

ಇಷ್ಟು ವರ್ಷ ಅವಳು ಅವನನ್ನು ಕಾಕಾ ಎಂದೇ ಕರೆದಿದ್ದಳು. ವೈಜನಾಥನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ಹಿಡಿದಿದ್ದ ಕುರ್ಚಿಯನ್ನು ನಡುದಾರಿಯಲ್ಲೇ ಇಳಿಸಿ ಅದರ ಮೇಲೆ ತಾನೇ ಕೂತುಬಿಟ್ಟ. ಹಿಂದಿನಿಂದ ಬರುತ್ತಿದ್ದ ಬೀಗರು ಅವನ ಕುರ್ಚಿ ಸುತ್ತಿ ಮುಂದೆ ಹೋದರು.